ಯಾರಿಗೂ ಬೇಡದ ಒಂದು ಬಿಟ್

ಕಂಪ್ಯೂಟರ್ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೆ, ನೆಟ್‌ನಲ್ಲಿ ಓಡಾಡುವ ಮಾಹಿತಿಯ ಪ್ಯಾಕೆಟ್‌ಗಳನ್ನು ಬಿಡುವ, ತಡೆಯುವ ಕೋಡ್ ಬರೆಯೋದು ಕಂಪನಿಯೊಂದರಲ್ಲಿ ನನ್ನ ಉದ್ಯೋಗ. ಅಲ್ಲಿ ಹೌದು-ಇಲ್ಲ ಎಂದು ಗುರುತು ಹಾಕುವ ಫ್ಲ್ಯಾಗ್ ಬಿಟ್‌ಗಳೆಲ್ಲ ತುಂಬಿ, ಹೊಸದೊಂದಕ್ಕೆ ಜಾಗವೇ ಉಳಿದಿರಲಿಲ್ಲ. ಯಾವ ಕೆಲಸವನ್ನೂ ಮಾಡದ ಹಳೆಯ ಬಿಟ್ ಒಂದಿತ್ತು. ಅದನ್ನು ಕಿತ್ತೆಸೆದು, ಲೋಕೋಪಕಾರ ಮಾಡಿದ ಹೆಮ್ಮೆಯಲ್ಲಿ, ಇಳಕಲ್ಲಿನ ನೆಟ್ ಆಪರೇಟರ್ ಮೈಬೂಬಸಾಹೇಬರಿಗೆ ಹೊಸ ಕರ್ನಲ್ ಪರೀಕ್ಷೆಗೆ ಕೊಟ್ಟೆ. ಅವರು ಪರೀಕ್ಷೆಗೆ ಇಡೀ ಊರನ್ನೇ ಆರಿಸಿಕೊಂಡರು. ಇಳಕಲ್ಲಿನ ನೆಟ್ಟೇ ನಿಂತಿತು.

ಬಾಗಲಕೋಟೆಯಿಂದ ಬಸ್ ಹಿಡಿದು ಓಡಿದೆ. ಅವರ ಆಫೀಸಿನ ಮುಂದೆ ಸೀರೆ ವ್ಯಾಪಾರಿಗಳು ಮೊಬೈಲ್ ಹಿಡಿದು ನಿಂತಿದ್ದರು. ನನಗೆ ಯಾರೂ ನಮಸ್ಕಾರ ಹೇಳಲಿಲ್ಲ. ನೋಡಿದರೆ, ಸಾಹೇಬರ ಹಳೇ ಫೈರ್‌ವಾಲ್ ಪ್ರೋಗ್ರಾಂ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪ್ರತಿ ನಿಯಮದ ಜೊತೆಗೂ ಕರ್ನಲ್‌ಗೆ ಅದೇ ಬಿಟ್ ಕಳಿಸುತ್ತಿತ್ತು. ಆ ಬಿಟ್ಟಿನ ಗುರುತು ಸಿಗದೆ ನನ್ನ ಕರ್ನಲ್ ನಿಯಮಗಳನ್ನೆಲ್ಲ ತಿರಸ್ಕರಿಸುತ್ತಿತ್ತು.

"ಸಾಹೇಬ್ರ, ಆ ಬಿಟ್‌ನಿಂದ ಏನೂ ಆಗೂದಿಲ್ರಿ. ಯಾಕ ಕಳಸ್ತೀರಿ?" ಎಂದೆ.

"ಏನೂ ಆಗೂದಿಲ್ಲಂದ್ರ ನೀವ್ಯಾಕ ತಗದ್ರಿ?"

ಅಲ್ಲೇ ಕೂತು ಕೋಡ್ ತಿದ್ದಿದೆ. ಈಗ ಹೊರಗಿನಿಂದ ಆ ಬಿಟ್ ಬಂದರೆ ಕರ್ನಲ್ ಮರ್ಯಾದೆಯಿಂದ ಒಪ್ಪಿಕೊಂಡು, ಅದು ಒಳಗೆ ಹೋಗುವಷ್ಟರಲ್ಲಿ ಅಳಿಸಿಬಿಡುತ್ತದೆ. ಒಳಗೆ ನನಗೆ ಜಾಗ ಸಿಕ್ಕಿತು, ಹೊರಗೆ ನೆಟ್ ಬಂತು.

"ಭಾಳ ಛಲೋ ಆತು ನೋಡ್ರಿ," ಎಂದರು ಸಾಹೇಬರು, ಚಹಾ ತರಿಸುತ್ತ. "ಏನ್ ಮಾಡಿದ್ರಿ?"

"ಕರ್ನಲ್‌ಗೆ ಕೇಳಿದ್ದಕ್ಕೆಲ್ಲ ಹೂಂ ಅಂದು ಸುಮ್ನ ಇರೂದು ಕಲಿಸೀನ್ರಿ."

ನಾನು ಕಂಪನಿಯಲ್ಲಿ ಇಷ್ಟು ವರ್ಷ ಬಾಳಿದ್ದೂ ಅದೇ ವಿದ್ಯೆಯಿಂದ.