ಶಿವಗಂಗವ್ವ ಅಳುವ ವಾಡೆ

"ಮೇಡಂ, ದೆವ್ವದ ಮನೆ ಇದೇನಾ?"

ಕಾರಿನ ಗಾಜು ಇಳಿಸಿ ಹೀಗೆ ಕೇಳಿದವಳು ಕಾಲೇಜು ವಯಸ್ಸಿನ ಹುಡುಗಿ. ಹಿಂದಿನ ಸೀಟಿನಲ್ಲಿ ಅವಳ ಇಬ್ಬರು ಗೆಳತಿಯರು, ಮೊಬೈಲು ಆಗಲೇ ವಿಡಿಯೋಗೆ ಸಿದ್ಧ. ನನ್ನ ಕೈಯಲ್ಲಿ ಮೂರು ತಿಂಗಳ ಕೂಸಿಗೆಂದು ಹೊಲಿಸಿದ ಕುಲಾವಿ ಇತ್ತು. ಎದುರಿನ ಬಾಗಿಲಿಗೆ ಮಾವಿನ ತೋರಣ. ಒಳಗಿನಿಂದ ಗೋಧಿ ಹುಗ್ಗಿಯ ಘಮ. ದೆವ್ವದ ಮನೆಯಲ್ಲಿ ಹುಗ್ಗಿ ಮಾಡುತ್ತಾರೆಯೇ?

"ಇಲ್ಲಿ ಇವತ್ತು ಕೂಸಿಗೆ ಹೆಸರಿಡುವ ಕಾರ್ಯ" ಎಂದೆ.

"ವಾವ್! ಹಾಗಾದ್ರೆ ಒಳಗೆ ಜನ ಇದಾರೆ" ಎಂದು ಆಕೆ ಖುಷಿಯಿಂದ ಕಾರು ನಿಲ್ಲಿಸಿಯೇಬಿಟ್ಟಳು. ಕರೆಯೋಲೆ ಇದ್ದ ನಾನೂ ಇಲ್ಲದ ಅವರೂ ಒಟ್ಟಿಗೇ ಒಳಗೆ ಹೋದೆವು.

ಈ ಮನೆಗೆ ದೆವ್ವ ತಂದ ಕಾದಂಬರಿಯನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ಹೆಸರು ಬರೆಯುವುದಿಲ್ಲ. (ಊರಿನ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ನೀವೂ ಕಾರು ತಿರುಗಿಸುತ್ತೀರಿ.) ಬನವಾಸಿ ದಾಟಿ ಹಾವೇರಿ ಕಡೆ ವಾಲಿಕೊಂಡ ಒಂದು ಊರು, ಅಲ್ಲಿ ಗೌಡರ ವಾಡೆ. ಕಾದಂಬರಿಯಲ್ಲಿ ಅತ್ತೆಯೊಬ್ಬಳು ಬಾಣಂತಿ ಸೊಸೆಯನ್ನು ಅಂಗಳದ ಹಗೇವಿಗೆ ದೂಡಿ ಮೇಲೆ ಕಲ್ಲು ಮುಚ್ಚುತ್ತಾಳೆ. ಹಗೇವು ಅಂದರೆ ಕಾಳು ತುಂಬಿಡಲು ನೆಲದಲ್ಲಿ ತೋಡಿದ ಆಳದ ಕಣಜ. ಬಾಯಿ ಕಿರಿದು, ಹೊಟ್ಟೆ ಹಿರಿದು. ಸೊಸೆ ದೆವ್ವವಾಗುತ್ತಾಳೆ. ಕಾದಂಬರಿಯ ಕೊನೆಯ ಸಾಲು ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ: "ಆ ವಾಡೆಯಲ್ಲಿ ಶಿವಗಂಗವ್ವ ಈಗಲೂ ಅಳುತ್ತಾಳೆ."

ಚೆನ್ನಾಗಿ ಬರೆದಿದ್ದಾರೆ. ಅದೇ ತೊಂದರೆ. ಕೆಟ್ಟದಾಗಿ ಬರೆದಿದ್ದರೆ ಎಂದೋ ಮರೆತುಹೋಗುತ್ತಿತ್ತು. ಪುಸ್ತಕ ಓದದವರೂ ಈಗ ಮೊಬೈಲಿನಲ್ಲಿ ಅದರ ತುಣುಕು ಕತೆ ನೋಡಿ ಹೊರಡುತ್ತಾರೆ.

ನಾನು ಹೊರಟಾಗ ಶಿರಸಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದಲೇ ಕೇಳಿದ್ದಳು, "ಎಂತದೇ, ಆ ದೆವ್ವದ ವಾಡೆಗೆ ಊಟಕ್ಕೆ ಹೋಗ್ತ್ಯನೇ? ಕತ್ತಲೆ ಅಪ್ಪದ್ರೊಳಗೆ ಬಂದ್ಬಿಡು ಮಾರಾಯ್ತಿ."

"ಎಂತೂ ಆಗ್ತಿಲ್ಲೆ" ಎಂದು ಬಸ್ಸು ಹತ್ತಿದ್ದೆ. ಆದರೂ ಸುಳ್ಳೇಕೆ, ಕುತೂಹಲ ನನಗೂ ಇತ್ತು.

ವಾಡೆ ದೊಡ್ಡದು. ಎರಡಾಳೆತ್ತರದ ಹೆಬ್ಬಾಗಿಲು, ಅದರೊಳಗೇ ತಗ್ಗಿ ನಡೆಯಬೇಕಾದ ಸಣ್ಣ ಬಾಗಿಲು. ಕಾದಂಬರಿಯಲ್ಲಿ ಈ ಸಣ್ಣ ಬಾಗಿಲು ತಲೆಬಾಗದವರನ್ನು ಒಳಗೆ ಬಿಡುವುದಿಲ್ಲ. ನಿಜದಲ್ಲಿ ಅದು ಇರುವುದು ದನಕರು ಹೊರಗೆ ಓಡಬಾರದೆಂದು. ಕಾದಂಬರಿಯಲ್ಲಿ ಪಡಸಾಲೆಯ ಮೇಲಿನ ಬೆಳಕಿಂಡಿಯಿಂದ ಏನೋ ಒಂದು ಇಣುಕುತ್ತದೆ. ನಿಜದಲ್ಲಿ ಅಲ್ಲಿಂದ ಬಿಸಿಲು ಬೀಳುತ್ತದೆ, ನನ್ನನ್ನು ಕರೆದಿದ್ದ ಶೈಲಾಳ ತಾಯಿ ಅದು ಸರಿದಂತೆಲ್ಲ ಮೆಣಸಿನಕಾಯಿಯ ಚಾಪೆಯನ್ನೂ ಸರಿಸುತ್ತಾರೆ. ತೇಗದ ಕಂಬಗಳು ಮಾತ್ರ ಪುಸ್ತಕದಲ್ಲಿ ಇರುವಷ್ಟೇ ಕಪ್ಪು.

ಶೈಲಾ ನನ್ನ ಗೆಳತಿ, ಶಿರಸಿಯಲ್ಲಿ ಹೈಸ್ಕೂಲ್ ಟೀಚರ್. ಈ ವಾಡೆಯ ಮಗಳು. ಕೂಸು ಅವಳ ತಮ್ಮನದು. ಅಂದರೆ ಅವಳು ಸೋದರತ್ತೆ, ಇವತ್ತಿನ ಮುಖ್ಯ ಪಾತ್ರಧಾರಿ. ಈ ಸೀಮೆಯಲ್ಲಿ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕು. ಉಸುರಿದ ಕೂಡಲೇ ಸುತ್ತ ನಿಂತವರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. (ಶಾಸ್ತ್ರವಿದು. ನಾದಿನಿಯ ಮೇಲೆ ಹಳೆಯ ಸಿಟ್ಟಿದ್ದವರಿಗೆ ಸುವರ್ಣಾವಕಾಶ.)

ನನ್ನನ್ನು ನೋಡಿದ್ದೇ ಶೈಲಾ ಕೈಹಿಡಿದು ಅಡುಗೆಮನೆಯ ಹಿಂದಕ್ಕೆ ಎಳೆದುಕೊಂಡು ಹೋದಳು. ಕಣ್ಣು ಕೆಂಪಗಿತ್ತು.

"ಸಾನ್ವಿ ಅಂತ ಇಡೂದು ಅಂತ ಆತ್ವಾ" ಎಂದಳು.

"ಒಳ್ಳೆ ಹೆಸರಲ್ವಾ?"

"ಹೆಸರ ಚಲೋನ ಐತಿ. ಅಪ್ಪಾರಿಗೆ ಬೇಕಾಗಿದ್ದು ಅದಲ್ಲ."

ಆಮೇಲೆ ಅವಳು ಹೇಳಿದ್ದು ಇದು. ಶಿವಗಂಗವ್ವ ಕಾದಂಬರಿಕಾರರು ಹುಟ್ಟಿಸಿದ ಹೆಸರಲ್ಲ. ಅವಳು ಈ ಮನೆಯ ಸೊಸೆ, ಶೈಲಾಳ ತಂದೆ ಚನ್ನಬಸಪ್ಪನವರ ಹೆತ್ತ ತಾಯಿ. ಹಗೇವಿನಲ್ಲಿ ಸತ್ತದ್ದೂ ಹೌದು. ಆಗ ಚನ್ನಬಸಪ್ಪನವರು ತೊಟ್ಟಿಲಲ್ಲಿದ್ದರು. ಈಗ ಎಪ್ಪತ್ತು ದಾಟಿದೆ. ಈ ಎಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅವರು ಯಾರನ್ನೂ "ಅವ್ವಾ" ಎಂದು ಕರೆದಿಲ್ಲ. ಇವರ ಮನೆತನಗಳಲ್ಲಿ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುತ್ತಾರೆ. ತಾಯಿಯ ಹೆಸರಿಟ್ಟ ಮೊಮ್ಮಗಳನ್ನು ಅಜ್ಜ ಎಂದೂ ಹೆಸರು ಹಿಡಿದು ಕೂಗುವುದಿಲ್ಲ. "ಅವ್ವಾ" ಎಂದೇ ಕರೆಯುತ್ತಾನೆ. ಶೈಲಾ ಹುಟ್ಟಿದಾಗ ಆ ಹೆಸರೆತ್ತಲು ಯಾರಿಗೂ ಧೈರ್ಯವಾಗಿರಲಿಲ್ಲ. ಗಂಡು ಮೊಮ್ಮಕ್ಕಳೇ ಹುಟ್ಟುತ್ತ ಬಂದ ಮನೆಯಲ್ಲಿ ಈಗ ಮೊದಲ ಮೊಮ್ಮಗಳು ಬಂದಿದ್ದಾಳೆ.

ಅರ್ಥವಾಯಿತಲ್ಲ, ಮುದುಕ ಏನನ್ನು ಕಾಯುತ್ತಿದ್ದರೆಂದು?

ಕೂಸಿನ ತಾಯಿ ಕಾವ್ಯಾಳ ತವರು ರಾಣೆಬೆನ್ನೂರು. ಹೆಸರಿಡುವ ಕಾರ್ಯ ತವರಿನಲ್ಲೇ ಆಗಬೇಕಿತ್ತು. ತಾನು ಮಲಗಿದ್ದ ತೊಟ್ಟಿಲಲ್ಲೇ ಆಗಲಿ ಎಂದು ಚನ್ನಬಸಪ್ಪನವರು ಕೇಳಿಕೊಂಡರು. ಕಾವ್ಯಾಳ ತಾಯಿ ಸರೋಜಮ್ಮ ಒಪ್ಪಿದರು, ಒಂದು ಷರತ್ತಿನ ಮೇಲೆ. ಕಾರ್ಯ ನಿಮ್ಮ ಮನೆಯಲ್ಲಿ, ಹೆಸರು ನಮ್ಮದು.

ಸರೋಜಮ್ಮ ಕೆಟ್ಟವರೇ? ಖಂಡಿತ ಅಲ್ಲ. ನನ್ನ ಪಕ್ಕ ಕೂತು ವೀಳ್ಯದೆಲೆ ಒರೆಸುತ್ತ ಮೆಲ್ಲಗೆ ಹೇಳಿದರು, "ನನಗೇನ ಯಾರ ಮ್ಯಾಲೂ ಸಿಟ್ಟಿಲ್ಲರೀ. ಮೊಬೈಲ್‌ನ್ಯಾಗ ಆ ಹೆಸರ ಹೊಡದ್ರ ದೆವ್ವದ ಚಿತ್ರ ಬರ್ತಾವು. ನಾಳೆ ಸಾಲ್ಯಾಗ ಹುಡುಗ್ರು ಬಿಡ್ತಾರೇನ್ರಿ? ಹೆಣ್ಣಕೂಸು. ನೀವ ಹೇಳ್ರಿ."

ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಹಾಗಾದರೆ ನಿಜಕ್ಕೂ ನಡೆದದ್ದೇನು? ಶೈಲಾಳಿಗೇ ಪೂರ್ತಿ ಗೊತ್ತಿರಲಿಲ್ಲ. ತಂದೆಗೆ ನೋವಾಗುತ್ತದೆಂದು ಆ ಹೆಸರನ್ನು ಅವರೆದುರು ಯಾರೂ ಎತ್ತುತ್ತಿರಲಿಲ್ಲ. ಅದು ಮನೆಯವರೆಲ್ಲ ಸೇರಿ ಅವರಿಗೆ ತೋರಿಸಿದ ಮರ್ಯಾದೆ. ಶೈಲಾ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕಾದಂಬರಿಕಾರರು ಪರಿಚಯದವರ ಮೂಲಕ ಬಂದು ಕೆಲವು ದಿನ ಇದೇ ವಾಡೆಯಲ್ಲಿ ಉಳಿದಿದ್ದರಂತೆ. ರೊಟ್ಟಿ, ಗಿಣ್ಣ ಎಲ್ಲ ಬಾಯಿತುಂಬ ಹೊಗಳಿ ಉಂಡರಂತೆ. ಒಂದು ದಿನ ಅಂಗಳದ ಕಲ್ಲನ್ನು ತೋರಿಸಿ ಇದೇನೆಂದು ಕೇಳಿದಾಗ ಚನ್ನಬಸಪ್ಪನವರು ಉತ್ತರಿಸದೆ ಎದ್ದು ಹೊಲಕ್ಕೆ ಹೋದರಂತೆ. ಉಳಿದ ಅರ್ಧಂಬರ್ಧವನ್ನು ಕಾದಂಬರಿಕಾರರು ಊರಿನ ಕಟ್ಟೆಯ ಮೇಲೆ ಕೇಳಿ ತಿಳಿದುಕೊಂಡರು.

ಎದ್ದು ಹೋದ ಮನುಷ್ಯನಲ್ಲಿ ಅವರಿಗೆ ಗುಟ್ಟು ಕಂಡಿತು. ಇದ್ದದ್ದು ದುಃಖ.

"ಅಪ್ಪಾರು ಅದನ್ನ ಓದಿದಾರಾ?" ಎಂದು ಶೈಲಾಳನ್ನು ಕೇಳಿದೆ.

"ಅರ್ಧ ಓದಿ ಇಟ್ಟಾರ. ಅವರಜ್ಜಿ ದೂಡೂ ಪುಟದ ತನಕ."

ಆ ಅಜ್ಜಿಯೇ ಅಲ್ಲವೇ ತಬ್ಬಲಿ ಕೂಸನ್ನು ಸಾಕಿ ಬೆಳೆಸಿದವಳು! ಒಂದೇ ಪುಸ್ತಕದಲ್ಲಿ ಹೆತ್ತವಳು ದೆವ್ವ, ಸಾಕಿದವಳು ಕೊಲೆಗಾತಿ. ಕತೆಗಾರನಿಗೆ ಕಲ್ಪನೆಯ ಹಕ್ಕಿಲ್ಲವೇ ಎಂದು ನೀವು ಕೇಳಬಹುದು. ಇದೆ, ಬೇಕಾದಷ್ಟಿದೆ. ಹೆಸರನ್ನಾದರೂ ಬದಲಿಸಬಹುದಿತ್ತಲ್ಲ ಎಂದು ಕೇಳುವ ಹಕ್ಕು ನನಗೂ ಇದೆ.

ಅಷ್ಟರಲ್ಲಿ ಅಂಗಳದಲ್ಲಿ ಗಲಾಟೆ. ಕಾರಿನ ಹುಡುಗಿಯರು ಹಗೇವಿನ ಮುಚ್ಚುಗಲ್ಲನ್ನು ಪತ್ತೆಮಾಡಿದ್ದರು. ಒಬ್ಬಳು ಅದರ ಮೇಲೆ ಕೂತು ಕೂದಲು ಮುಂದಕ್ಕೆ ಇಳಿಬಿಟ್ಟುಕೊಂಡಿದ್ದಳು. ಇನ್ನೊಬ್ಬಳು ವಿಡಿಯೋ ಮಾಡುತ್ತಿದ್ದಳು. ಬೆಳಿಗ್ಗೆಯಿಂದ ಬಂದ ನೆಂಟರೆಲ್ಲ ಬಳಸಿ ನಡೆದಿದ್ದ ಕಲ್ಲು ಅದು. ಶೈಲಾ ಸಿಡಿದೆದ್ದು ಹೊರಗೆ ಓಡಿದಳು. ಅವಳ ಹಿಂದೆ ನಾನು.

"ಏಳವಾ ಮ್ಯಾಲೆ! ನಿಮಗೇನ ಮನಿ ಮಠ..."

"ಶೈಲಾ, ಇರ್ಲಿ ಬಿಡು."

ಚನ್ನಬಸಪ್ಪನವರು ಪಡಸಾಲೆಯಿಂದ ಇಳಿದು ಬಂದಿದ್ದರು. ಬಿಳಿ ಧೋತರ, ಹಣೆಯ ಮೇಲೆ ವಿಭೂತಿ. ಹುಡುಗಿ ಗಾಬರಿಯಿಂದ ಎದ್ದು ನಿಂತಳು. ಆದರೂ ಅವಳ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ ಜಾರಿಬಿಟ್ಟಿತು.

"ಅಜ್ಜಾ, ನಿಮ್ಮ ಅಜ್ಜಿನೇ ತಳ್ಳಿದ್ದಂತೆ. ಹೌದಾ?"

ಒಳಗೆ ತೊಟ್ಟಿಲ ಹಾಡು ಶುರುಮಾಡಿದ್ದ ಹೆಂಗಸರು ಅರ್ಧಕ್ಕೇ ನಿಲ್ಲಿಸಿದರು. ಶೈಲಾ ನನ್ನ ಮುಂಗೈ ಹಿಡಿದಳು. ಅಪ್ಪಾರು ಎಂದಿನಂತೆ ಹೊಲಕ್ಕೆ ಹೋಗುತ್ತಾರೆ ಎಂದು ಅವಳು ಅಂದುಕೊಂಡಿದ್ದಳು, ನಾನೂ.

ಅವರು ಹೋಗಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಕಲ್ಲನ್ನು ಒರೆಸಿ ಅದರ ಅಂಚಿಗೆ ಕೂತರು.

"ಕುಂದರ್ರಿವಾ ನೀವೂ" ಎಂದರು. "ಯಾರೂ ನನ್ನ ಹಿಂಗ ನೆಟ್ಟಗ ಕೇಳಿರಲಿಲ್ಲ. ಹಗೇವು ತಗದ ಕೂಡ್ಲೆ ಒಳಗ ಇಳಿಯೂ ಹಂಗಿಲ್ಲ. ಮುಚ್ಚಿದ ಕಾಳಿನ ಗಾಳಿ ಕೆಟ್ಟದ್ದು. ಬಾಯಿ ತಗದು ಬಿಟ್ಟು, ಆಮ್ಯಾಲೆ ದೀಪ ಹಗ್ಗಕ್ಕ ಕಟ್ಟಿ ಇಳಿಸಿ ನೋಡಬೇಕು. ದೀಪ ಆರಿದಲ್ಲೆ ಮನಷ್ಯಾ ಉಳಿಯಂಗಿಲ್ಲ. ಆವತ್ತ ಮಳಿ ಮಾಡ ಆಗಿತ್ತು. ಬಿತ್ತಾಕ ಕಾಳು ಬೇಕಾಗಿತ್ತು, ಗಡಿಬಿಡಿ. ದೀಪ ಇಳಿಸದನ ನಮ್ಮ ಆಳು ಫಕೀರಪ್ಪ, ಇನ್ನೂ ಸಣ್ಣ ಹುಡುಗ, ಇಳದ. ಅಲ್ಲೇ ಬಿದ್ದ."

ವಿಡಿಯೋ ಮಾಡುತ್ತಿದ್ದವಳ ಕೈಯ ಮೊಬೈಲು ಕೆಳಗಿಳಿಯಿತು.

"ಮಂದಿ ಸುತ್ತ ನಿಂತು ಬಾಯಿ ಬಡಕೊಳ್ಳಾಕತ್ರು. ದೊಡ್ಡ ಗಂಡಸರಿಗೆ ಈ ಬಾಯಾಗ ಇಳಿಯಾಕ ಬರತಿರಲಿಲ್ಲ. ನಮ್ಮವ್ವ ನನಗ ಹಾಲು ಕುಡಿಸಿ ತೊಟ್ಟಲದಾಗ ಹಾಕಿ ಹೊರಗ ಬಂದ್ಲಂತ. ಹಗ್ಗ ಕೊಡ್ರಿ ಅಂದ್ಲಂತ. ಇಳದು ಫಕೀರಪ್ಪನ ಬಗಲಾಗ ಹಗ್ಗ ಕಟ್ಟಿದ್ಲು. ಅವನ್ನ ಎಳದು ತಗದ್ರು, ಬದಕಿದ. ಎರಡನೇ ಸಲ ಹಗ್ಗ ಬಿಟ್ರ ಹಿಡಿಯೂ ಕೈ ಇರಲಿಲ್ಲ."

ವಲ್ಲಿಯನ್ನು ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡರು.

"ನಮ್ಮಜ್ಜಿ ದೂಡಲಿಲ್ಲವಾ. ತಾನೂ ಇಳಿತೀನಿ ಅಂತ ಹೊಂಟಿದ್ಲಂತ. ಅಕೀನ್ನ ಹಿಡಕೊಳ್ಳಾಕ ಮಂದಿ ಸಾಲಲಿಲ್ಲಂತ. ಫಕೀರಪ್ಪನ ನನಗ ಹೇಳಿದ್ದು ಇದನ್ನ. ಸಾಯೂ ತನಕ ಅಂವ ನನ್ನ ಮಾರಿ ನೋಡಿ ಮಾತಾಡಲಿಲ್ಲ."

ಪ್ರಶ್ನೆ ಕೇಳಿದ ಹುಡುಗಿ ಅಳುತ್ತಿದ್ದಳು, ನಾನೂ. ಮಾಡಿದ ವಿಡಿಯೋ ಅಳಿಸಿಹಾಕಲೇ ಎಂದು ಅವಳ ಗೆಳತಿ ಪಿಸುಗುಟ್ಟಿ ಕೇಳಿದಳು. ಅಜ್ಜ, ಉಂಡು ಹೋಗಿರಿ ಎಂದರು.

ಬಾಗಿಲ ಬಳಿ ಸರೋಜಮ್ಮ ಮತ್ತು ಕೂಸನ್ನು ಎತ್ತಿಕೊಂಡ ಕಾವ್ಯಾ ನಿಂತಿದ್ದರು. ಈ ಮನೆಯ ಸೊಸೆಯಾಗಿ ಬಂದ ಮೇಲೂ ಕಾವ್ಯಾಳಿಗೆ ಗೊತ್ತಿದ್ದದ್ದು ಕಾಲೇಜಿನಲ್ಲಿ ಓದಿದ ಆ ಕಾದಂಬರಿಯಷ್ಟೇ. ಗಂಡನನ್ನು ಕೇಳಿದರೆ "ಅಪ್ಪಾರ ಮುಂದ ಆ ಮಾತ ತಗೀಬ್ಯಾಡ" ಎನ್ನುತ್ತಿದ್ದನಂತೆ.

ಇದನ್ನೇ ನಾನು ಬಸ್ಸಿನಲ್ಲಿ ಮನೆ ತಲುಪುವವರೆಗೂ ಯೋಚಿಸುತ್ತ ಬಂದೆ. ನಾವು ಪ್ರೀತಿಯಿಂದಲೇ ಬಾಯಿ ಮುಚ್ಚಿಕೊಳ್ಳುತ್ತೇವೆ. ನೆನಪಿಸಿದರೆ ಪಾಪ ನೋಯುತ್ತಾರೆ ಎನ್ನುತ್ತೇವೆ. ನಾವು ಆಡದೆ ಬಿಟ್ಟ ಜಾಗದಲ್ಲಿ ಬೇರೆ ಯಾರೋ ಬಂದು ಕೂತು ತಮಗೆ ಬೇಕಾದ್ದು ಬರೆಯುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲಿ ಹೋಗಿ ನೋಡಿ, ಊರಿಗೊಂದು ದೆವ್ವದ ಬಂಗಲೆ ಇದೆ. ಅಲ್ಲಿ ದಿನಾ ಕಸ ಗುಡಿಸುವವರನ್ನು, ಹಪ್ಪಳ ಒಣಗಿಸುವವರನ್ನು ಯಾರಾದರೂ ಮಾತಾಡಿಸಿದ್ದೇವೆಯೇ?

ಸರಿ, ಕಾರ್ಯಕ್ಕೆ ಬರುತ್ತೇನೆ. ಹೆಂಗಸರು ತೊಟ್ಟಿಲ ಸುತ್ತ ಸೇರಿದರು. ಕೂಸನ್ನು ತೊಟ್ಟಿಲ ಕೆಳಗಿನಿಂದ ಮೇಲಕ್ಕೆ ಒಬ್ಬರಿಂದೊಬ್ಬರು ದಾಟಿಸಿ ಮಲಗಿಸಿದರು. ಹಾಡಾಯಿತು. ಶೈಲಾ ಬಗ್ಗಿದಳು.

"ಅಕ್ಕಾರ" ಎಂದಳು ಕಾವ್ಯಾ. ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿತು. "ಮಾವಾರ ಅವ್ವನ ಹೆಸರ ಹೇಳ್ರಿ."

ಶೈಲಾ ಬಗ್ಗಿದವಳು ಹಾಗೆಯೇ ತಲೆ ಎತ್ತಿ ಸರೋಜಮ್ಮನ ಮುಖ ನೋಡಿದಳು. ಎಲ್ಲರೂ ನೋಡಿದರು. ಸರೋಜಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು.

"ಹೇಳ್ರಿ. ಸಾಲ್ಯಾಗ ಯಾರರ ಏನರ ಅಂದ್ರ ನಾನ ಹೋಗಿ ಈ ಕತಿ ಹೇಳತೀನಿ."

ಶೈಲಾ ಕಿವಿಯಲ್ಲಿ ಹೇಳುವ ಬದಲು ಕೂಗಿಯೇ ಹೇಳಿದಳೆಂದು ತೋರುತ್ತದೆ. ಪಡಸಾಲೆಯ ಗಂಡಸರಿಗೂ ಕೇಳಿತು. ಬೆನ್ನ ಮೇಲೆ ಗುದ್ದುಗಳ ಮಳೆ. (ನನ್ನದೂ ಎರಡು. ಒಂದು ಗೆಳೆತನಕ್ಕೆ, ಇನ್ನೊಂದು ನನ್ನನ್ನು ಅಷ್ಟು ಅಳಿಸಿದ್ದಕ್ಕೆ.)

ಆಮೇಲೆ ಚನ್ನಬಸಪ್ಪನವರನ್ನು ಕರೆದರು. ಅವರು ತೊಟ್ಟಿಲ ಹಗ್ಗ ಹಿಡಿದು ನಿಂತರು. ನಾನು ಹೊಲಿಸಿದ ಕುಲಾವಿ ಕೂಸಿನ ಕಣ್ಣಿನ ಮೇಲೆ ಜಾರಿತ್ತು, ಅದನ್ನು ಸರಿಮಾಡಿದರು. ಮತ್ತೆ ಬಗ್ಗಿದರು.

"ಯವ್ವಾ" ಎಂದರು.

ಕೂಸು ಮುಖ ಕಿವುಚಿ ಒಂದೇ ಸಮ ಕಿರುಚಲು ಶುರುಮಾಡಿತು. ಅವರು ಗಾಬರಿಯಾಗಿ, ನಾನೇನರ ತಪ್ಪ ಮಾಡಿದ್ನೇನು ಎಂಬಂತೆ ಸುತ್ತ ನೋಡಿದರು. ಮನೆಯೆಲ್ಲ ನಕ್ಕಿತು. ಆ ವಾಡೆಯಲ್ಲಿ ಅಷ್ಟು ಜನ ಒಟ್ಟಿಗೆ ಅತ್ತು ಒಟ್ಟಿಗೆ ನಕ್ಕದ್ದು ಎಷ್ಟು ವರ್ಷಗಳ ಮೇಲೋ.

ಶೈಲಾ ಮೊನ್ನೆ ವಾಡೆಯಿಂದ ಫೋನ್ ಮಾಡಿದ್ದಳು. ಬರೆಯಲೇ ಎಂದು ಕೇಳಿದೆ. ಅಪ್ಪಾರನ್ನು ಕೇಳಿ ಹೇಳಿದಳು, "ಹೆಸರ ಹಾಕೇ ಬರಿ ಅಂದಾರ." ಹಿಂದಿನಿಂದ ಕೂಸಿನ ರಾಗ ಕೇಳುತ್ತಿತ್ತು.

ಕಾದಂಬರಿಯ ಕೊನೆಯ ಸಾಲು ನಿಜ ಸ್ವಾಮಿ. ಆ ವಾಡೆಯಲ್ಲಿ ಶಿವಗಂಗವ್ವ ಈಗಲೂ ಅಳುತ್ತಾಳೆ, ಹಸಿವಾದಾಗ.