ಕೂರಿಗೆಯ ಬಟ್ಟಲು

೧೯೪೩ನೆಯ ಇಸವಿ ಜುಲೈ ೨೭, ಮಂಗಳವಾರ. ಆಧಾರ: ಆ ವರ್ಷದ ಪಂಚಾಂಗ. ಅದರ ಅಂಚಿನಲ್ಲಿ, ಈ ದಿನದ ಎದುರಿಗೆ, ಅಪ್ಪ ಸೀಸದಕಡ್ಡಿಯಿಂದ ‘ಬಿತ್ತನೆ’ ಎಂದು ಬರೆದಿಟ್ಟಿದ್ದಾನೆ. ನನ್ನ ನೆನಪು ಮಾತ್ರ ಅದು ಸೋಮವಾರವೆಂದೇ ಹಟ ಹಿಡಿಯುತ್ತದೆ. ಆದರೆ ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆದ್ದರಿಂದ ನೆನಪನ್ನು ಬದಿಗಿಟ್ಟು ಪಂಚಾಂಗವನ್ನು ಒಪ್ಪಿಕೊಂಡಿದ್ದೇನೆ.

ಆತಗೂರಿಗೆ ಹತ್ತಿರದ ನಮ್ಮ ಊರಿನಲ್ಲಿ ಅಪ್ಪನೂ ದೊಡ್ಡಪ್ಪನೂ ಪಾಲಾಗಿ ಆಗ ಎರಡು ತಿಂಗಳು ಕಳೆದಿತ್ತು. ಹೊಲ, ಎತ್ತು, ಪಾತ್ರೆಗಳು ಸುಲಭವಾಗಿಯೇ ಹಂಚಿಹೋಗಿದ್ದವು. ಹಂಚಲಾಗದೆ ಉಳಿದದ್ದು ರಾಗಿ ಬಿತ್ತುವ, ತಾತ ಮಾಡಿಸಿದ ಕೂರಿಗೆ. ಆರು ಹಲ್ಲಿನ ದಿಂಡು, ಹಲ್ಲುಗಳಿಗೆ ಇಳಿಯುವ ಬಿದಿರಿನ ಕೊಳವೆಗಳು, ಅವೆಲ್ಲ ಕೂಡುವ ನೆತ್ತಿಯಲ್ಲಿ ಆರು ತೂತಿನ ಮರದ ಬಟ್ಟಲು. ಬೀಜ ಬಟ್ಟಲಿಗೆ ಬಿದ್ದರೆ ಮಾತ್ರ ಸಾಲಿಗೆ ಇಳಿಯುತ್ತದೆ. ತಾತ ಸಾಯುವ ಮುನ್ನ ದಿಂಡನ್ನು ಹಿರಿಯ ಮಗನಿಗೂ ಬಟ್ಟಲನ್ನು ಕಿರಿಯ ಮಗನಿಗೂ ಕೊಟ್ಟನಂತೆ. ಮನೆ ಒಡೆದರೂ ಬಿತ್ತನೆ ಒಡೆಯಬಾರದೆಂಬುದು ಆತನ ಲೆಕ್ಕಾಚಾರ. ಇದು ಅಪ್ಪ ಹೇಳಿದ್ದು. ನಾನು ನಂಬಿ ಬೆಳೆದದ್ದು.

ಆ ಬೆಳಿಗ್ಗೆ ಅಪ್ಪ ಬಟ್ಟಲನ್ನು ಪಂಚೆಯ ಸೆರಗಿನಲ್ಲಿ ಸುತ್ತಿಕೊಂಡು ಹೊರಟ. ಅವ್ವ ಮಡಿಲಲ್ಲಿ ಅವರೆ ಬೀಜ ಕಟ್ಟಿಕೊಂಡಿದ್ದಳು. ಕೂರಿಗೆಯ ಹಿಂದೆ ಸಡ್ಡೆ ಎಂಬ ಬಿದಿರ ಕೊಳವೆ ಹಿಡಿದು, ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಬಿಡುವುದು ಪ್ರತಿ ವರ್ಷವೂ ಅವಳ ಕೆಲಸ. ಒಂಬತ್ತು ವರ್ಷದ ನಾನು ಅವಳ ಹಿಂದೆ ನಡೆದಿದ್ದೆ. ಬದು ಹತ್ತಿದಾಗ ಕಂಡದ್ದು ಇದು: ದೊಡ್ಡಪ್ಪ ಆಗಲೇ ನಾಲ್ಕು ಸುತ್ತು ಬಿತ್ತಿಬಿಟ್ಟಿದ್ದ. ಕೂರಿಗೆಯ ನೆತ್ತಿಯಲ್ಲಿ ಇನ್ನೂ ಉಳಿಯ ಗುರುತು ಮಾಸದ, ಹೊಸದಾಗಿ ಕೆತ್ತಿಸಿದ ಬಿಳಿಯ ಬಟ್ಟಲು.

‘ಅಣ್ಣೋ, ನಿಲ್ಸು! ನನ್ ಬಟ್ಲು ಇಲ್ದೆ ಬಿತ್ತದಾ!’ ಎಂದು ಅಪ್ಪ ಕೂಗಿದ.

ದೊಡ್ಡಪ್ಪ ಎತ್ತು ನಿಲ್ಲಿಸಲಿಲ್ಲ. ‘ನಿನ್ ಬಟ್ಲು ನಿನ್ತಾವೇ ಇರ್ಲಿ ಕಣ್ಲಾ. ಮಜ್ಜಿಗೆ ಉಯ್ಕೊಂಡು ಕುಡಿ.’

ಆರು ತೂತಿನ ಬಟ್ಟಲಿನಲ್ಲಿ ಮಜ್ಜಿಗೆ! ಪಕ್ಕದ ಹೊಲದವರು ನಕ್ಕರು. ಅವ್ವ ನಗಲಿಲ್ಲ. ‘ಭಾವ, ನೆಲ ಆರೋಯ್ತದೆ. ನಿಮ್ದು ಆದ್ಮೇಲೆ ನಮ್ ವಲಕ್ಕೂ ಒಂದ್ಗಳ್ಗೆ ಕೂರ್ಗೆ ಬುಡಿ’ ಎಂದಳು.

‘ಬುಡಕಿಲ್ಲ ಕಣವ್ವ. ಯಾಕೆ ಅಂತ ನಿನ್ ಗಂಡನ್ನೇ ಕೇಳು.’

ಅವ್ವ ಕೇಳಿದಳೋ ಇಲ್ಲವೋ ನಾನರಿಯೆ. ಅಪ್ಪ ಅಂದು ರಾಗಿಯನ್ನು ಕೈಯಿಂದ ಚೆಲ್ಲಿದ. ಪೈರು ಒಂದೆಡೆ ಗುಂಪು, ಒಂದೆಡೆ ಬಯಲು. ಅಕ್ಕಡಿಗೆ ಸಾಲೇ ಇರಲಿಲ್ಲ. ಬದುವಿನ ಆಚೆ ದೊಡ್ಡಪ್ಪನ ಹೊಲ ಬಾಚಣಿಗೆಯಿಂದ ಬಾಚಿದಂತೆ ಎದ್ದು ನಿಂತಿತ್ತು. ಬಟ್ಟಲು ನಮ್ಮ ಅಟ್ಟ ಸೇರಿತು. ‘ಒಡಹುಟ್ಟಿದವನೇ ಹಿಂಗೆ ಮಾಡುದ್ನಲ್ಲ’ ಎಂಬ ಅಪ್ಪನ ಮಾತು ಮನೆಯಲ್ಲಿ ಉಳಿಯಿತು. ಆ ಮಾತಿನ ಮೇಲೆ ನಾನು ದೊಡ್ಡಪ್ಪನ ಹೊಸ್ತಿಲು ತುಳಿಯಲಿಲ್ಲ. ಎದುರಿಗೆ ಸಿಕ್ಕಾಗ ‘ಏನ್ ಮಗ, ಉಂಡ್ಯಾ?’ ಎಂದರೆ ಮುಖ ತಿರುಗಿಸುತ್ತಿದ್ದೆ. ೧೯೪೭ರ ಬೇಸಿಗೆಯಲ್ಲಿ ಅವನು ತೀರಿಕೊಂಡಾಗ ನಮ್ಮ ಮನೆಯಿಂದ ಯಾರೂ ಮಣ್ಣಿಗೆ ಹೋಗಲಿಲ್ಲ. ನನಗಾಗ ಹದಿಮೂರು ತುಂಬಿತ್ತು. ತಿಳಿಯದ ವಯಸ್ಸೆಂದು ಹೇಳಿ ತಪ್ಪಿಸಿಕೊಳ್ಳಲಾರೆ.

ಈ ಪ್ರಸಂಗವನ್ನು ಬರೆದಿಡುವ ಮುನ್ನ ಪಾಲಿನ ದಿನಾಂಕವನ್ನು ಖಚಿತಪಡಿಸಿಕೊಳ್ಳಬೇಕೆನಿಸಿ, ಮದ್ದೂರಿನ ನೋಂದಣಿ ಕಚೇರಿಯಿಂದ ವಿಭಾಗಪತ್ರದ ಛಾಯಾಪ್ರತಿ ತರಿಸಿದೆ. ೧೯೪೩ನೆಯ ಇಸವಿ ಮೇ ೧೪, ಶುಕ್ರವಾರ. ವಾರವೂ ತಾರೀಖೂ ತಾಳೆಯಾಗುತ್ತವೆ. ತಾತನ ಲೆಕ್ಕಾಚಾರದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಹಿರಿಯವನ ಪಾಲಿನ ಪಟ್ಟಿಯಲ್ಲಿ ‘ಕೂರಿಗೆ ಒಂದು, ಬಟ್ಟಲು ಸಮೇತ’ ಎಂದಿದೆ. ಕಿರಿಯವನ ಪಾಲಿಗೆ, ಅದಕ್ಕೆ ಬದಲಾಗಿ, ಒಂದು ಜೊತೆ ಗಾಡಿಯ ಚಕ್ರ. ಆ ಚಕ್ರಗಳ ಗಾಡಿಯಲ್ಲಿ ನಾನು ಎಷ್ಟೋ ಸಲ ಕುಳಿತಿದ್ದೇನೆ. ಕೆಳಗೆ, ಪಂಚಾಂಗದ ಅಂಚಿನಲ್ಲಿರುವ ಅದೇ ಬರಹದಲ್ಲಿ, ಅಪ್ಪನ ರುಜು. ಅದರ ಮೇಲಿನ ಸಾಲು: ‘ಓದಿಸಿ ಕೇಳಿ ಒಪ್ಪಿದ್ದೇನೆ.’