ಅಟ್ಟದ ತುಂಬ ಕಾಯಿ, ಕೆಳಗೆ ಅತಿಥಿಗಳು

ಹಳೇ ಮರದ ವ್ಯಾಪಾರಿ ಬೆರಳ ಗೆಣ್ಣಿನಿಂದ ಕಂಬಗಳನ್ನು ಒಂದೊಂದಾಗಿ ತಟ್ಟಿ ನೋಡಿ, ತೇಗ ಚೆನ್ನಾಗಿದೆ ಎಂದು ಹೇಳಿ ಹೋದ. ಪಂಚನಹಳ್ಳಿಯ ಹೊರಗಿರುವ ಆ ತೋಟದ ಮನೆಯನ್ನು ಕಟ್ಟಿಸಿದ್ದು ದಾವೂದ್ ಸಾಬ್ ಅವರ ತಂದೆ. ದಾವೂದ್ ಸಾಬ್ ತೀರಿಕೊಂಡ ಮೇಲೆ ಅದು ಇಬ್ಬರು ಮಕ್ಕಳಿಗೆ ಬಂತು. ಮಗ ಜಬೀವುಲ್ಲಾ ಕಡೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾರೆ. ಮಗಳು ಜಾಹೇದಾ ಅದೇ ಊರಿನಲ್ಲಿ ಹೊಲಿಗೆ ಕಲಿಸುತ್ತಾರೆ. ಮನೆ ಕೆಡವಿ, ಮರ ಮಾರಿ, ಅಲ್ಲೊಂದು ಶೀಟಿನ ಗೋಡೌನ್ ಹಾಕಬೇಕೆಂಬುದು ಅಣ್ಣನ ಯೋಚನೆ. ರಿಪೇರಿ ಮಾಡಿಸಿ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡಬೇಕೆಂಬುದು ತಂಗಿಯ ಯೋಚನೆ.

ಮನೆಯಲ್ಲಿ ದಖನಿ ಆಡುವ ಈ ಇಬ್ಬರು ತೋಟಕ್ಕೆ ಬಂದರೆ ಕನ್ನಡದಲ್ಲೇ ಜಗಳವಾಡುತ್ತಾರೆ. ತೋಟ ನೋಡಿಕೊಳ್ಳುವ ಶಿವಮೂರ್ತಪ್ಪ ಮತ್ತು ಅವರ ಹೆಂಡತಿ ಓಬಮ್ಮ ಸಾಕ್ಷಿಗಿರಲಿ ಎಂದು.

"ಈ ಹಳ್ಳಿ ಮನೇಲಿ ದುಡ್ಡು ಕೊಟ್ಟು ಮಲಗೋರು ಯಾರಮ್ಮಾ? ನನ್ನ ಮಕ್ಕಳೇ ಇಲ್ಲಿಗೆ ಬರಲ್ಲ ಅಂತಾವೆ."

"ಅವರ ಜೊತೆ ಗೊರಕೆ ಹೊಡೆಯೋ ಅಪ್ಪನೂ ಬರ್ತಾರಲ್ಲ ಭಾಯ್, ಅದಕ್ಕೆ."

ಶಿವಮೂರ್ತಪ್ಪ ಬೇರೆ ಕಡೆ ತಿರುಗಿ ಕೆಮ್ಮಿದರು.

ಕೊನೆಗೆ ಒಂದು ಒಪ್ಪಂದವಾಯಿತು. ದೀಪಾವಳಿಯೊಳಗೆ ಹೊರಗಿನ ಒಂದು ಕುಟುಂಬವಾದರೂ ಬಂದು, ರಾತ್ರಿ ಉಳಿದು, ಮತ್ತೆ ಬರುತ್ತೇವೆಂದು ತಾವಾಗಿ ಹೇಳಬೇಕು. ಇಲ್ಲವಾದರೆ ಮರ ವ್ಯಾಪಾರಿಗೆ. ಜಬೀವುಲ್ಲಾ ಇನ್ನೊಂದು ಷರತ್ತನ್ನೂ ಸೇರಿಸಿದರು: ಅಟ್ಟ ತನ್ನದು, ಅಲ್ಲಿರುವ ಕಾಯಿಯನ್ನು ಯಾರೂ ಮುಟ್ಟಬಾರದು.

ಈ ಸೀಮೆಯ ತೆಂಗಿನ ಮನೆಗಳಲ್ಲಿ ಅಟ್ಟ ಎಂದರೆ ಮನೆಯ ಅರ್ಧ ಭಾಗ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸಿ, ಅದರ ಮೇಲೆ ಸಿಪ್ಪೆ ಸಮೇತ ಕಾಯಿ ಸುರಿಯುತ್ತಾರೆ. ಹತ್ತಿರ ಹತ್ತಿರ ವರ್ಷದ ಹೊತ್ತಿಗೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ.

ಜಾಹೇದಾ ಬೇಸಿಗೆಯೆಲ್ಲ ಕೆಲಸ ಮಾಡಿಸಿದರು. ಒಡೆದ ಹೆಂಚು ಬದಲಾಯಿತು, ಗೋಡೆಗೆ ಸುಣ್ಣವಾಯಿತು, ಕಂಬಗಳು ಎಣ್ಣೆ ಕುಡಿದು ಹೊಳೆದವು. ಪಟ್ಟಣದಿಂದ ಬಂದವರ ಕಣ್ಣಿಗೆ ಹೊಗೆ ತಾಗಬಾರದೆಂದು ಅಡುಗೆಮನೆಯ ಸೌದೆ ಒಲೆ ನಿಲ್ಲಿಸಿ ಗ್ಯಾಸ್ ಇಡಿಸಿದರು. ಅಟ್ಟದ ಧೂಳು ಹಾಸಿಗೆ ಮೇಲೆ ಉದುರಬಾರದೆಂದು ದಬ್ಬೆಗಳ ಕೆಳಗೆ ಉದ್ದಕ್ಕೂ ಪ್ಲೈವುಡ್ ಹೊಡೆಸಿದರು. ಅಡುಗೆಮನೆಯ ಮೂಲೆಯಲ್ಲಿರುವ ಸ್ನಾನದ ಹಂಡೆಯ ಮೇಲೆ ಮಾತ್ರ ಹಲಗೆ ಸಾಲದೆ ಹಾಗೇ ಬಿಟ್ಟರು.

ಮೊದಲ ಅತಿಥಿಗಳು ಆಗಸ್ಟ್ ರಜೆಯಲ್ಲಿ ಚಿತ್ರದುರ್ಗದಿಂದ ಬಂದರು. ಒಂದು ವಾರದಿಂದ ಮಳೆ ಹಿಡಿದಿತ್ತು. ಮಧ್ಯಾಹ್ನದ ಊಟ ಮುಗಿಸಿ ಕೊಠಡಿಗೆ ಹೋದವರು ಮೂಗು ಮುಚ್ಚಿಕೊಂಡು ಹೊರಗೆ ಬಂದರು.

"ಮೇಡಂ, ಒಳಗೆ ಏನೋ ಸತ್ತಂಗಿದೆ."

ಇಲಿ ಸತ್ತಿರಬೇಕೆಂದು ಓಬಮ್ಮ ಮಂಚದ ಕೆಳಗೆಲ್ಲ ಹುಡುಕಿದರು. ಸಿಗಲಿಲ್ಲ. ಕತ್ತಲಾಗುವ ಮುಂಚೆ ಅತಿಥಿಗಳ ಕಾರು ಹೊರಟುಹೋಯಿತು.

ಜಾಹೇದಾ ಏಣಿ ಹತ್ತಿ ಅಟ್ಟಕ್ಕೆ ಹೋದರು. ಕೊಠಡಿಗಳ ಮೇಲಿನ ಕಾಯಿಗಳಿಗೆ ಬೂಸ್ಟು ಹಿಡಿದಿತ್ತು. ಕೈಯಲ್ಲಿ ಎತ್ತಿದ ಒಂದು ಕಾಯಿ ಜಿನುಗುತ್ತಿತ್ತು. ಹಂಡೆಯ ಮೂಲೆಯ ಕಾಯಿಗಳು ಮಾತ್ರ ಮಸಿ ಹಿಡಿದು ಒಣಗಿಕೊಂಡು, ಗಟ್ಟಿಯಾಗಿದ್ದವು. ಅಲ್ಲಿ ದಿನಾ ಬೆಳಿಗ್ಗೆ ಬಿಸಿನೀರಿಗೆಂದು ಓಬಮ್ಮ ಬೆಂಕಿ ಹಾಕುತ್ತಿದ್ದರು. ಆ ಮೂಲೆಯಲ್ಲೇ ಪ್ಲೈವುಡ್ ಇರಲಿಲ್ಲ. ಅಟ್ಟವನ್ನು ಕಾಪಾಡುತ್ತಿದ್ದದ್ದು ಒಲೆಯ ಹೊಗೆ ಮತ್ತು ದಬ್ಬೆ ಸಂದಿನ ಗಾಳಿ. ಅತಿಥಿಗಳ ಅನುಕೂಲಕ್ಕೆಂದು ಜಾಹೇದಾ ಎರಡನ್ನೂ ಮುಚ್ಚಿಸಿದ್ದರು.

ಸುದ್ದಿ ಕೇಳಿ ಜಬೀವುಲ್ಲಾ ಮರುದಿನವೇ ಬಂದರು. "ನನ್ನ ಕಾಯೂ ಹೋಯ್ತು, ನಿನ್ನ ಹೋಂಸ್ಟೇನೂ ಹೋಯ್ತು. ಮರದೋನಿಗೆ ಬರೋಕೆ ಹೇಳ್ತೀನಿ."

"ದೀಪಾವಳಿ ಅಂತ ಮಾತಾಗಿದೆ. ಇನ್ನೂ ಗಣೇಶನೇ ಬಂದಿಲ್ಲ."

"ಅಲ್ಲೀತಂಕ ಈ ವಾಸನೇಲಿ ಯಾರ್ ಬತ್ತಾರೆ?"

"ಶಿವಮೂರ್ತಪ್ಪಾರೆ, ಮಾತು ಯಾವಾಗಕ್ಕೆ ಆಗಿತ್ತು?" ಜಾಹೇದಾ ಕೇಳಿದರು.

"ದೀಪಾವಳಿಗೇಯ ಸಾಬ್ರೇ," ಎಂದರು ಶಿವಮೂರ್ತಪ್ಪ, ನೆಲ ನೋಡಿಕೊಂಡು.

ಪ್ಲೈವುಡ್ ಪೂರ್ತಿ ಕಳಚಿತು. ಕೊಳೆತ ಕಾಯಿಗಳು ತಿಪ್ಪೆ ಸೇರಿದವು. ಅಡುಗೆಮನೆಯ ಒಲೆ ಮತ್ತೆ ಹೊತ್ತಿತು. ಹೊಗೆ ಅಟ್ಟಕ್ಕೆ ಏರಿ, ಕಾಯಿಗಳ ಮೇಲೆ ಹರಡಿ, ಹೆಂಚಿನ ಸಂದಿಯಿಂದ ಹೊರಗೆ ಹೋಗತೊಡಗಿತು. ವಾರ ಕಳೆದಂತೆ ವಾಸನೆ ತಗ್ಗಿತು. ಉಳಿದದ್ದು ಧೂಳಿನ ಸಮಸ್ಯೆ. ಅದು ಜಾಹೇದಾ ಅವರ ಕಸುಬಿನ ವ್ಯಾಪ್ತಿಗೇ ಬಂತು. ದಪ್ಪ ಖಾದಿ ಬಟ್ಟೆ ತರಿಸಿ, ಮದುವೆ ಚಪ್ಪರದಲ್ಲಿ ಕಟ್ಟುವಂಥ ಮೇಲ್ಕಟ್ಟು ಹೊಲಿದು, ಪ್ರತಿ ಮಂಚದ ಮೇಲೂ ನಾಲ್ಕು ಮೂಲೆಗೆ ಬಿಗಿದು ಕಟ್ಟಿದರು. ಧೂಳು ಬಟ್ಟೆಯ ಮೇಲೇ ನಿಂತಿತು. ದಬ್ಬೆ ಮತ್ತು ಬಟ್ಟೆಯ ನಡುವೆ ಗಾಳಿಯಾಡಲು ಮೊಳದಷ್ಟು ಜಾಗ ಉಳಿಯಿತು.

ದಸರಾ ರಜೆಯಲ್ಲಿ ಮೈಸೂರಿನ ರಂಗನಾಯಕಿ ಎಂಬ ಸಸ್ಯಶಾಸ್ತ್ರದ ಅಧ್ಯಾಪಕಿ ಗಂಡ ಮತ್ತು ಮಗಳು ಅನ್ವಿತಾಳೊಂದಿಗೆ ಬಂದರು. ಲಕ್ಕವಳ್ಳಿ ಡ್ಯಾಂ ನೋಡಲು ಹೊರಟವರು, ದಾರಿಯಲ್ಲಿ ಒಂದು ರಾತ್ರಿ ಸಾಕೆಂದು ಹೇಳಿದ್ದರು. ರಾತ್ರಿ ಜಾಹೇದಾ ಬಗಾರ ಅನ್ನ ಮಾಡಿ ಬಡಿಸಿದರು. ಬೆಳಿಗ್ಗೆ ಯಾರೂ ಹೊರಡುವ ಮಾತೆತ್ತಲಿಲ್ಲ.

ಅದೇ ಬೆಳಿಗ್ಗೆ ಜಬೀವುಲ್ಲಾ ಮರ ವ್ಯಾಪಾರಿಯನ್ನು ಕರೆದುಕೊಂಡು ಬಂದರು. ಅಂಗಳದಲ್ಲಿ ಓಬಮ್ಮ ಅಟ್ಟದಿಂದ ಇಳಿಸಿದ ಕಾಯಿಗಳ ಮುಂದೆ ಕೂತಿದ್ದರು. ಪಕ್ಕದಲ್ಲಿ ಅನ್ವಿತಾ ಒಂದೊಂದನ್ನೂ ಅಲ್ಲಾಡಿಸಿ ಎರಡು ಗುಡ್ಡೆ ಮಾಡುತ್ತಿದ್ದಳು. ಅವಳು ಒಂದು ಕಾಯಿಯನ್ನು ತಪ್ಪು ಗುಡ್ಡೆಗೆ ಹಾಕಿದ್ದು ಜಬೀವುಲ್ಲಾ ಅವರಿಗೆ ಸಹಿಸಲಾಗಲಿಲ್ಲ.

"ಅಲ್ಲ ಕಣಮ್ಮಾ, ಕಿವಿ ಹತ್ರ ಹಿಡ್ಕೊ. ಗುಳುಗುಳು ಅಂದ್ರೆ ನೀರೈತೆ, ಮೇಲಕ್ಕೆ. ಗಡಗಡ ಅಂದ್ರೆ ಕೊಬ್ಬರಿ, ಸುಲಿಯೋಕೆ."

"ಅಂಕಲ್, ಇದು ಏನೂ ಅನ್ನಲ್ಲ."

"ಅದು ನಮ್ಮ ಶಿವಮೂರ್ತಪ್ಪನ ಥರ. ಒಳಗೆ ಏನೋ ನಡೀತಾ ಇರುತ್ತೆ, ಬಾಯಿ ಬಿಡಲ್ಲ. ಬಿಸಿಲಿಗೆ ಹಾಕು."

ಮಧ್ಯಾಹ್ನದವರೆಗೂ ಅವರು ಕುಕ್ಕರಗಾಲಲ್ಲೇ ಕೂತಿದ್ದರು. ವ್ಯಾಪಾರಿ ಜಗಲಿಯಲ್ಲಿ ಎರಡು ಸಲ ಟೀ ಕುಡಿದ.

"ಮೇಲಕ್ಕೆ ಕಳಿಸಿದ್ದು ಯಾವಾಗ ಆಗುತ್ತೆ?" ರಂಗನಾಯಕಿ ಕೇಳಿದರು.

"ಸಂಕ್ರಾಂತಿಗೆ."

"ಹಾಗಾದ್ರೆ ಸಂಕ್ರಾಂತಿಗೆ ಬಂದೇ ಬರ್ತೀವಿ. ನಮ್ಮ ಹೆಸರಲ್ಲಿ ರೂಮ್ ಇಟ್ಟಿರಿ."

ಜಬೀವುಲ್ಲಾ ತಂಗಿಯ ಕಡೆ ನೋಡಿದರು.

"ನನಗ್ಯಾಕೆ ಹೇಳ್ತೀರಿ ಮೇಡಂ? ಅವರಿಗೆ ಹೇಳಿ. ಮನೆ ಅವರದ್ದು," ಎಂದು ಅವರು ಎದ್ದು ಮಂಡಿ ಸವರಿಕೊಂಡರು.

ಜಗಲಿಯಿಂದ ವ್ಯಾಪಾರಿ ಕೇಳಿದ, "ಹಂಗಾದ್ರೆ ಸಾಬ್ರೇ, ಕಂಬ?"

"ಕಂಬ ಮನೆ ಹೊತ್ಕೊಂಡು ನಿಂತವಲ್ಲಪ್ಪಾ. ಹೆಂಗೆ ಕೊಡ್ಲಿ?"

ಸಂಕ್ರಾಂತಿಗೆ ರಂಗನಾಯಕಿ ಕಾಲೇಜಿನ ಇನ್ನೆರಡು ಕುಟುಂಬಗಳನ್ನೂ ಕರೆತಂದರು. ಮಂಚ ಸಾಲಲಿಲ್ಲ. ಜಬೀವುಲ್ಲಾ ಕಡೂರಿನ ತಮ್ಮ ಮನೆಯ ಮಂಚಗಳನ್ನೇ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದರು. ಒಳಗೆ ಸಾಗಿಸುವಾಗ ಕಂಬಕ್ಕೆ ಗೀರು ಬಿದ್ದೀತೆಂದು ಬಾಗಿಲಿನಿಂದ ಕೊಠಡಿಯವರೆಗೂ ಶಿವಮೂರ್ತಪ್ಪನವರನ್ನು ಗದರಿಸುತ್ತಲೇ ಇದ್ದರು.